ಹಳೇ ಸೀರೀಸನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ, ಹೊಸದು ಯಾವುದು ನೋಡಲಿ?

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು.

ಕಳೆದ ತಿಂಗಳು ‘ಫ್ರೆಂಡ್ಸ್’ ಮೂರನೇ ಸಲ ನೋಡಿ ಮುಗಿಸಿದೆ. 10 ಸೀಸನ್, 236 ಕಂತು! ಮಾತುಗಳೆಲ್ಲ ಬಾಯಿಗೆ ಬಂದುಬಿಟ್ಟಿವೆ. ಆದರೂ ಊಟಕ್ಕೆ ಕೂತಾಗ ಮತ್ತೆ ಅದನ್ನೇ ಹಾಕುತ್ತೇನೆ. ಮುಂದೇನಾಗುತ್ತದೆ ಅಂತ ಗೊತ್ತಿದ್ದರೆ ಮನಸ್ಸಿಗೆ ಒಂಥರಾ ನೆಮ್ಮದಿ, ಅಲ್ವಾ?

ಹೊಸದನ್ನು ನೋಡಿಯೇ ಇಲ್ಲ ಅಂತಲ್ಲ. ‘ಚೆರ್ನೋಬಿಲ್’ ತುಂಬಾ ಹಿಡಿಸಿತು, ಆದರೆ ಬರೀ 5 ಕಂತು. ಮುಗಿದ ಮೇಲೆ ಎರಡು ದಿನ ಮನಸ್ಸು ಭಾರವಾಗಿತ್ತು. ‘ಬ್ರೇಕಿಂಗ್ ಬ್ಯಾಡ್’ ಎರಡು ಸಲ ನೋಡಿದ್ದೇನೆ. ಹಾಗಾಗಿ ಅದರ ಹಿಂದಿನ ಕಥೆ ಹೇಳುವ ‘ಬೆಟರ್ ಕಾಲ್ ಸಾಲ್’ ಶುರು ಮಾಡಿದೆ. ಮೊದಲ ಸೀಸನ್‌ನ ನಾಲ್ಕನೇ ಕಂತಿನಲ್ಲೇ ನಿಂತುಬಿಟ್ಟಿದ್ದೇನೆ. ತುಂಬಾ ನಿಧಾನ ಅನ್ನಿಸುತ್ತಿದೆ. ಆದರೆ ನಟನೆ ಎಷ್ಟು ಚೆನ್ನಾಗಿದೆ ಅಂದರೆ ಬಿಡೋಕೂ ಮನಸ್ಸಿಲ್ಲ.

ಪೂರ್ತಿ ನೋಡಿದವರು, ಕಥೆಯ ಗುಟ್ಟು ಬಿಟ್ಟುಕೊಡದೆ, ದಯವಿಟ್ಟು ಹೇಳಿ: 6 ಸೀಸನ್‌ಗಳಲ್ಲಿ ಕಥೆ ಎಲ್ಲಿಂದ ಬಿಗಿಯಾಗುತ್ತದೆ? ಅಲ್ಲಿವರೆಗೆ ಕಾಯಬಹುದಾ? ಬೇಡ ಅನ್ನುವುದಾದರೆ, ಅರ್ಧ ಗಂಟೆಯೊಳಗಿನ ಕಂತುಗಳಿರುವ, ಪೂರ್ತಿ ಮುಗಿದಿರುವ, ಎರಡನೇ ಸಲವೂ ನೋಡಬೇಕು ಅನ್ನಿಸುವ ಒಂದೇ ಒಂದು ಸೀರೀಸ್ ಹೆಸರು ಹೇಳುತ್ತೀರಾ?