ಮುಟ್ಟಿನ ದಿನಗಳಲ್ಲಿ ಮಗಳನ್ನು ಖೋ-ಖೋ ಆಡಿಸಬಹುದಾ? ಮೊಣಕಾಲಿನ ಭಯ

ಗಂಗಾವತಿಯ ತಾಯಿ:
ಮಗಳು ಒಂಬತ್ತನೇ ತರಗತಿ. ಖೋ-ಖೋ ಅಂದರೆ ಜೀವ. ಅವಳ ತಂಡದ ಹುಡುಗಿಯೊಬ್ಬಳಿಗೆ ಓಡುತ್ತಾ ತಿರುಗುವಾಗ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಹಾರ್ಮೋನಿನಿಂದ ಹೀಗಾಗುತ್ತದೆ, ಮುಟ್ಟಾದಾಗ ಆಡಿಸಬೇಡಿ ಅಂತಾರೆ. ನಿಜವಾ? ಆಡಿದವರು, ಆಡಿಸುವವರು ದಯವಿಟ್ಟು ಹೇಳಿ.

ಬಳ್ಳಾರಿಯ ಫಿಸಿಯೋಥೆರಪಿಸ್ಟ್:
ಅಕ್ಕ, ನಿಮ್ಮ ಭಯ ಸುಮ್ನೆ ಅಲ್ಲ. ಓಡುತ್ತಾ ದಿಢೀರ್ ತಿರುಗುವ ಆಟಗಳಲ್ಲಿ ಎಸಿಎಲ್ ಅನ್ನುವ ಲಿಗಮೆಂಟ್, ಅಂದರೆ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಹೆಚ್ಚಿನ ಸಲ ಯಾರೂ ಡಿಕ್ಕಿ ಹೊಡೆದಿರುವುದೂ ಇಲ್ಲ.

ಆದರೆ ನಿಮಗೆ ಸಿಕ್ಕ ಸಲಹೆಯಲ್ಲಿ ದಿನಗಳ ಲೆಕ್ಕವೇ ತಪ್ಪು. ಅವರು ಹೇಳುವ ಹಾರ್ಮೋನು ಈಸ್ಟ್ರೋಜೆನ್, ಅದು ಮುಟ್ಟಿನ ದಿನಗಳಲ್ಲಿ ಕಡಿಮೆ ಇರುತ್ತದೆ. ಅದು ಏರುವುದು ಅಂಡ ಬಿಡುಗಡೆಗೆ ಸ್ವಲ್ಪ ಮುಂಚೆ. 28 ದಿನಕ್ಕೆ ಮುಟ್ಟಾಗುವವರಲ್ಲಿ, ಮುಟ್ಟು ಶುರುವಾದ ದಿನದಿಂದ ಎಣಿಸಿದರೆ, ಸುಮಾರು 12ರಿಂದ 14ನೇ ದಿನ ಅನ್ನಿ. ಆ ಹೊತ್ತಿಗೆ ಕೆಲವರ ಮೊಣಕಾಲು ತುಸು ಸಡಿಲವಾಗುತ್ತದೆ. ಅಷ್ಟಕ್ಕೇ ಗಾಯ ಜಾಸ್ತಿಯಾಗುತ್ತದಾ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿಗೆ ಮುಟ್ಟು ಹಿಂದೆ ಮುಂದೆ ಆಗುವುದೂ ಸಹಜ. ಕ್ಯಾಲೆಂಡರ್ ನೋಡಿ ಆಟ ನಿಲ್ಲಿಸಬೇಡಿ. ಹೊಟ್ಟೆನೋವು, ಸುಸ್ತು ಇದ್ದರೆ ಅವಳೇ ಹೇಳಲಿ, ಆ ದಿನ ಬಿಡಲಿ.

ರಾಯಚೂರಿನ ಪಿ.ಟಿ. ಮೇಡಂ:
ನಾನು ನೋಡುವುದು ಜಿಗಿದು ಇಳಿಯುವ ರೀತಿ. ಚಿಕ್ಕ ಕಟ್ಟೆಯಿಂದ ಹಾರಿಸಿ, ಎದುರಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಇಳಿದಾಗ ಎರಡೂ ಮೊಣಕಾಲು ಒಳಗೆ ಬಾಗಿ ಹತ್ತಿರ ಬಂದರೆ ತಿದ್ದಬೇಕು. ಮಂಡಿ ಪಾದದ ನೇರಕ್ಕೇ ಇರಬೇಕು, ಸೊಂಟ ಬಗ್ಗಬೇಕು, ಸದ್ದಿಲ್ಲದೆ ಇಳಿಯಬೇಕು. ಹುಡುಗಿಯರು ಇದನ್ನು ಬೇಗ ಕಲಿಯುತ್ತಾರೆ, ತಮ್ಮ ವಿಡಿಯೋ ನೋಡಿದರಂತೂ ಇನ್ನೂ ಬೇಗ.

ಫಿಫಾ 11+ ಅಂತ ಸುಮಾರು 20 ನಿಮಿಷದ ವಾರ್ಮ್‌ಅಪ್ ಇದೆ. ಫುಟ್‌ಬಾಲ್‌ಗೆ ಮಾಡಿದ್ದು, ಖೋ-ಖೋಗೂ ಚೆನ್ನಾಗಿ ಹೊಂದುತ್ತದೆ. ಓಟ, ಒಂಟಿಕಾಲಲ್ಲಿ ನಿಲ್ಲುವುದು, ಬಸ್ಕಿ, ಜಿಗಿತ. ಇನ್ನೊಂದು, ಮೊಣಕಾಲೂರಿ ನಿಂತು, ಹಿಂದಿನಿಂದ ಗೆಳತಿ ಹಿಮ್ಮಡಿ ಹಿಡಿದಾಗ ನಿಧಾನ ಮುಂದಕ್ಕೆ ಬಾಗುವುದು. ತೊಡೆಯ ಹಿಂಭಾಗ ಗಟ್ಟಿಯಾದಷ್ಟೂ ಎಸಿಎಲ್ ಮೇಲಿನ ಎಳೆತ ಕಡಿಮೆ. ಇಂಥ ತರಬೇತಿಯಿಂದ ಹುಡುಗಿಯರ ಎಸಿಎಲ್ ಗಾಯ ಅರ್ಧದಷ್ಟು ಕಡಿಮೆಯಾಗಿದೆ. ವಾರಕ್ಕೆ ಎರಡು ಮೂರು ಸಲ, ವರ್ಷಪೂರ್ತಿ. ಟೂರ್ನಮೆಂಟ್ ಬಂದಾಗ ಮಾತ್ರ ಮಾಡಿದರೆ ಸಾಲದು.

ನಮ್ಮ ಎರೆಭೂಮಿಯ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅಲ್ವಾ? ಆಡುವ ಮುಂಚೆ ಬಿರುಕು ಮುಚ್ಚಿಸಿ.

ಕೊಪ್ಪಳದಿಂದ, ಹಿಂದೆ ಕಬಡ್ಡಿ ಆಡಿದವಳು:
ಮುಟ್ಟಿನ ದಿನಾಂಕ ಬರೆದಿಡಲಿ, ಅದು ಬೇರೆ ಕಾರಣಕ್ಕೆ. ಸರಿಯಾಗಿ ಆಗುತ್ತಿದ್ದದ್ದು ಮೂರು ತಿಂಗಳು ನಿಂತರೆ ಡಾಕ್ಟರಿಗೆ ತೋರಿಸಿ. ಆಟಕ್ಕೆ ತಕ್ಕಷ್ಟು ಊಟ ಇಲ್ಲದಿದ್ದರೂ ಹೀಗಾಗುತ್ತದೆ, ಆಗ ಮೂಳೆ ಸೊರಗುತ್ತದೆ. ಪ್ರಾಕ್ಟೀಸ್ ಮುಗಿಸಿ ಬಂದವಳಿಗೆ ಬರೀ ಮಂಡಕ್ಕಿ ಸಾಕಾಗಲ್ಲ. ರೊಟ್ಟಿ, ಕಾಳಿನ ಪಲ್ಯ, ಶೇಂಗಾ, ಮೊಟ್ಟೆ ಕೊಡಿ.

ಗಂಗಾವತಿಯ ತಾಯಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಪರೇಷನ್ ಆದ ಹುಡುಗಿ ಮತ್ತೆ ಯಾವಾಗ ಆಡಬಹುದು? ಅವರಮ್ಮ ಕೇಳುತ್ತಿದ್ದಾರೆ.

ಬಳ್ಳಾರಿಯ ಫಿಸಿಯೋಥೆರಪಿಸ್ಟ್:
ಕನಿಷ್ಠ 9 ತಿಂಗಳು ಕಾಯಲಿ. ನೋವಿಲ್ಲ ಅಂತ ಅದಕ್ಕೆ ಮುಂಚೆ ಇಳಿದರೆ ಮತ್ತೆ ಹರಿಯುವ ಅಪಾಯ ಬಹಳ. ಒಂಟಿಕಾಲಿನ ಜಿಗಿತದಲ್ಲಿ ಎರಡೂ ಕಾಲು ಹೆಚ್ಚುಕಡಿಮೆ ಸಮ ಆಗಬೇಕು, ತೊಡೆಯ ಬಲವೂ ಅಷ್ಟೇ. ಇವೆರಡನ್ನೂ ಅಳೆದು ನೋಡಿ, ಆಪರೇಷನ್ ಮಾಡಿದ ಡಾಕ್ಟರ್ ಒಪ್ಪಿದ ಮೇಲೆಯೇ ಮೈದಾನಕ್ಕೆ ಕಳಿಸಲಿ.