ಓದುಗರ ಸ್ಪಂದನ: ‘ನಾನೂ ಅವಳಂತೆ ಆಗಬೇಕೇ?’

ಇಳಕಲ್‌ನಿಂದ ಬೆಳಗಾವಿಗೆ ಬಂದು ವರ್ಷವಾದರೂ ತರಗತಿಯಲ್ಲಿ ಯಾರೂ ತನ್ನನ್ನು ಹಚ್ಚಿಕೊಂಡಿಲ್ಲ, ಪಕ್ಕದ ಬೆಂಚಿನ ಮಾತುಗಾತಿಯ ಸುತ್ತ ಮಾತ್ರ ಸದಾ ಗುಂಪು ಎಂದು ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬರು ಕಳೆದ ವಾರ ಬರೆದಿದ್ದರು. ‘ನಾನೂ ಅವಳಂತೆ ಆಗಬೇಕೇ?’ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಪರೀಕ್ಷೆ ಹತ್ತಿರ ಬಂತು. ಗುಂಪು ಕಟ್ಟಿಕೊಂಡು ಯಾರೂ ಪಾಸಾಗಿಲ್ಲ. ಓದು.
— ಒಬ್ಬ ತಂದೆ, ಸಿಂದಗಿ

ಕಾಳಜಿ ಅರ್ಥವಾಗುತ್ತದೆ. ಆದರೆ ಓದುಗಿ ಅಂಕಗಳ ಬಗ್ಗೆ ಕೇಳಿರಲಿಲ್ಲ. ಮುಂದಿನ ಪತ್ರ ಉದ್ದವಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

ತಂಗಿ, ನಿನ್ನ ಪತ್ರವನ್ನು ಅಂಗಡಿಯ ಗಲ್ಲಾದ ಮುಂದೆ ಕುಳಿತೇ ಓದಿದೆ. ಖಣ ನೋಡಲು ಬಂದವರು ಎರಡು ಸಲ ಕರೆದರೂ ಕೇಳಿಸಲಿಲ್ಲ. ನಾನೂ ಬಾದಾಮಿ ತಾಲ್ಲೂಕಿನ ಹಳ್ಳಿಯಿಂದ ಬೆಳಗಾವಿಯ ಕಾಲೇಜಿಗೆ ಹೋದವನು. ಅಲ್ಲಿಯ ಹುಡುಗರು ಮರಾಠಿಯಲ್ಲಿ ಮಾತು ತೆಗೆದು, ಕನ್ನಡದಲ್ಲಿ ಬೆಳೆಸಿ, ಇಂಗ್ಲಿಷಿನಲ್ಲಿ ಮುಗಿಸಿ ನಗುತ್ತಿದ್ದರು. ನಗು ಏತಕ್ಕೆಂದು ನನಗೆ ತಿಳಿಯುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತಿತ್ತು. ಒಬ್ಬ ನನ್ನ ಮಾತಿನ ಧಾಟಿಯನ್ನು ಅಣಕಿಸಿದ. ಆಮೇಲೆ ಹಾಜರಿ ಕೂಗಿದಾಗ ಬಾಯಿ ತೆರೆದದ್ದೇ ಹೆಚ್ಚು.

ಈಚೆಗೆ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿಗೆ ನನ್ನನ್ನೂ ಯಾರೋ ಸೇರಿಸಿದರು. ಅಲ್ಲಿ ತರಗತಿಯ ಹಳೆಯ ಫೋಟೊ ಹಾಕಿ ಒಬ್ಬೊಬ್ಬರದೇ ಹೆಸರು ಬರೆಯುತ್ತ ಹೋದರು. ಹಿಂದಿನ ಸಾಲಿನ ಎಡತುದಿಗೆ ಬಂದಾಗ ‘ಇವನು ಯಾರು?’ ಎಂದು ಒಬ್ಬ ಕೇಳಿದ. ‘ಬೇರೆ ಸೆಕ್ಷನ್‌ನವನಿರಬೇಕು’ ಎಂದ ಇನ್ನೊಬ್ಬ. ಮೊಬೈಲ್ ನನ್ನ ಕೈಯಲ್ಲೇ ಇತ್ತು. ಅದು ನಾನೇ ಎಂದು ಬರೆಯಲಿಲ್ಲ. ಇವತ್ತಿಗೂ ಬರೆದಿಲ್ಲ.

ನಮ್ಮಲ್ಲೂ ಎಲ್ಲರಿಗೂ ಬೇಕಾದವನೊಬ್ಬನಿದ್ದ. ಅಂಥ ಮಾತುಗಾರನೇನೂ ಅಲ್ಲ. ದೀಪಾವಳಿ ರಜೆಗೆ ಮುಂಚೆ ನಮ್ಮ ಎಮ್ಮೆ ಗಬ್ಬವಾಗಿರುವುದನ್ನು ಅವನಿಗೆ ಹೇಳಿದ್ದೆನಂತೆ. ಸಂಕ್ರಾಂತಿಯ ಹೊತ್ತಿಗೆ ಎದುರು ಸಿಕ್ಕಾಗ ‘ಕರು ಹಾಕಿತೇನೋ?’ ಎಂದು ಕೇಳಿದ. ಎರಡು ವರ್ಷದಲ್ಲಿ ನನ್ನ ಮನೆಯ ವಿಚಾರ ಕೇಳಿದವನು ಅವನೊಬ್ಬನೇ.
— ಬಟ್ಟೆ ವ್ಯಾಪಾರಿ, ಗುಳೇದಗುಡ್ಡ

ಆ ಎಮ್ಮೆಯ ಪ್ರಶ್ನೆಯ ಹಿಂದೆ ಶಾಸ್ತ್ರವೂ ಇದ್ದೀತು.

1982ರಲ್ಲಿ ಅಮೆರಿಕದ ಕೋಯ್, ಡಾಡ್ಜ್, ಕೊಪೊಟೆಲ್ಲಿ ಎಂಬ ಸಂಶೋಧಕರು ‘ಜೊತೆಯವರಲ್ಲಿ ಯಾರು ಇಷ್ಟ, ಯಾರು ಇಷ್ಟವಿಲ್ಲ’ ಎಂದು ಶಾಲಾ ಮಕ್ಕಳನ್ನೇ ಕೇಳಿ ವಿಂಗಡಿಸಿದರು. ಬಹಳ ಮಂದಿ ಬೇಡವೆಂದವರು ಒಂದು ಗುಂಪಾದರು, ಯಾರೂ ಹೆಸರೇ ಎತ್ತದವರು ಇನ್ನೊಂದು. ಓದುಗಿ ಎರಡನೆಯ ಗುಂಪಿನವರಂತೆ ಕಾಣುತ್ತಾರೆ. ತಾನು ಮೊದಲನೆಯದರಲ್ಲಿದ್ದೇನೆ ಎಂದುಕೊಂಡು ಕೊರಗುತ್ತಿದ್ದಾರೆ. ಬಹಿರ್ಮುಖಿಗಳು ಬೇಗ ಎದ್ದು ಕಾಣುತ್ತಾರೆ, ನಿಜ. ಆದರೆ ‘ಅವಳು ಜನಪ್ರಿಯಳು’ ಎಂದು ಎಲ್ಲರೂ ಬೆರಳು ತೋರಿಸುವ ಹುಡುಗಿಯೂ ‘ಅವಳೆಂದರೆ ನನಗಿಷ್ಟ’ ಎಂದು ಹೆಚ್ಚು ಮಂದಿ ಹೇಳುವ ಹುಡುಗಿಯೂ ಒಬ್ಬಳೇ ಆಗಬೇಕಿಲ್ಲ. ಪಾರ್ಕ್‌ಹರ್ಸ್ಟ್ ಮತ್ತು ಹೋಪ್‌ಮೇಯರ್ 1998ರಲ್ಲಿ ಇದನ್ನು ತೋರಿಸಿದ್ದಾರೆ. ಗುಂಪಿನೊಳಗೆ ಸೇರುವುದು ಕಲಿಯಬಹುದಾದ ಕೆಲಸ. ನಡೆಯುತ್ತಿರುವ ಮಾತನ್ನು ಸ್ವಲ್ಪ ಹೊತ್ತು ಕೇಳಿ, ಅದಕ್ಕೇ ಒಂದು ಮಾತು ಕೂಡಿಸುವವರಿಗೆ ಜಾಗ ಸಿಗುತ್ತದೆ. ಬಂದವರೇ ತಮ್ಮ ಸುದ್ದಿ ತೆಗೆದರೆ ಸಿಗುವುದು ಕಷ್ಟ.
— ಮನಃಶಾಸ್ತ್ರ ಉಪನ್ಯಾಸಕಿ, ನವನಗರ, ಬಾಗಲಕೋಟೆ

ಮೊದಲು ಆ ಹುಡುಗಿಯ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ. ಎಲ್ಲ ಸರಿಹೋಗುತ್ತದೆ.
— ಹಿರಿಯ ನಾಗರಿಕ, ಜಮಖಂಡಿ

ತಮ್ಮ ಬಳಿ ಮೊಬೈಲ್ ಇಲ್ಲವೆಂದು ಓದುಗಿ ಪತ್ರದ ಎರಡನೇ ಸಾಲಿನಲ್ಲೇ ತಿಳಿಸಿದ್ದರು.

ನಾನು ನಮ್ಮ ತರಗತಿಯ ಮಾತುಗಾತಿ. ಒಂದು ದಿನ ಸುಮ್ಮನಿದ್ದರೆ ‘ಹುಷಾರಿಲ್ಲವೇನೇ?’ ಎಂದು ಎಲ್ಲರೂ ಮೇಲೆ ಬೀಳುತ್ತಾರೆ, ತಲೆನೋವಿದ್ದರೂ ನಗಿಸಬೇಕು. ನನ್ನಂತೆ ಆಗುವ ಗೋಜಿಗೆ ಹೋಗಬೇಡ. ಬುತ್ತಿ ಬಿಚ್ಚುವ ಹೊತ್ತಿಗೆ ಅವಳ ಪಕ್ಕ ಕುಳಿತುಕೊಂಡು ಶೇಂಗಾ ಚಟ್ನಿ ಬೇಕೇ ಎಂದು ಕೇಳು. ಬೇಡ ಎನ್ನುವವಳನ್ನು ನಾನಂತೂ ನೋಡಿಲ್ಲ.
— ಬಿ.ಕಾಂ. ವಿದ್ಯಾರ್ಥಿನಿ, ಅಥಣಿ

ಚಟ್ನಿಯ ಸಲಹೆಗೆ ನಮ್ಮ ಕಚೇರಿಯಲ್ಲಿ ಸರ್ವಾನುಮತವಿದೆ. ಬಂದ ಪತ್ರಗಳನ್ನೆಲ್ಲ ಓದುಗಿಗೆ ತಲುಪಿಸಿದ್ದೇವೆ, ಮಗನ ಜಾತಕ ಲಗತ್ತಿಸಿದ್ದ ಒಂದನ್ನು ಬಿಟ್ಟು. ಅದನ್ನು ಕಳುಹಿಸಿದವರು ದಯವಿಟ್ಟು ಮತ್ತೆ ಬರೆಯಬಾರದು.