ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತದೆ: ಅಪ್ಪನ ಹಳೇ ಪವರ್ ಟಿಲ್ಲರ್

ರಾಜಾನುಕುಂಟೆ_ತೋಟ:

ಎಲ್ಲರಿಗೂ ನಮಸ್ಕಾರ. ಮನೆ ವಿದ್ಯಾರಣ್ಯಪುರದಲ್ಲಿ. ರಾಜಾನುಕುಂಟೆ ದಾಟಿದರೆ ಒಂದು ಎಕರೆ ತೋಟ ಇದೆ. 1994ರಲ್ಲಿ ಅಪ್ಪ ತೆಗೆದುಕೊಂಡಿದ್ದ ಪವರ್ ಟಿಲ್ಲರ್ ಅಲ್ಲಿನ ಶೆಡ್ಡಿನಲ್ಲಿ ಆರು ವರ್ಷ ಸುಮ್ನೆ ನಿಂತಿತ್ತು. ಅಪ್ಪ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ಯುಗಾದಿ ಮುಗಿಸಿ ಟಾಟಾ ಏಸ್‌ಗೆ ಹಾಕಿಸಿ ಮನೆಗೆ ತಂದೆ. ಈಗ ಟಿಲ್ಲರ್ ಪೋರ್ಟಿಕೋದಲ್ಲಿದೆ, ಕಾರು ಬೀದಿಯಲ್ಲಿದೆ. ಇದರ ಬಗ್ಗೆ ನನ್ನ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಲಗಿಸಿದ ಹಾಗಿರುವ ಒಂದೇ ಸಿಲಿಂಡರ್, ನೀರಿನಿಂದ ತಣಿಯುವ ಡೀಸೆಲ್ ಇಂಜಿನ್. ಹ್ಯಾಂಡಲ್ ಹಾಕಿ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು. ಟ್ಯಾಂಕಿನಲ್ಲಿದ್ದ ಹಳೇ ಡೀಸೆಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಒಳಗೆಲ್ಲ ತುಕ್ಕು. "ಹುಣಸೆಹಣ್ಣಿನ ನೀರು ಹಾಕಿಡೋ" ಅಂದರು ಅಮ್ಮ. ನಗು ಬಂತು, ಆದರೂ ಒಂದು ರಾತ್ರಿ ಹಾಕಿಟ್ಟೆ. ಬೆಳಗ್ಗೆ ಅರ್ಧ ತುಕ್ಕು ಬಿಟ್ಟಿತ್ತು. ಉಳಿದದ್ದಕ್ಕೆ ತೊಳೆದ ಜಲ್ಲಿ ಒಂದು ಹಿಡಿ, ಸ್ವಲ್ಪ ಡೀಸೆಲ್ ಹಾಕಿ ಟ್ಯಾಂಕನ್ನು ಮಗು ತೂಗಿದ ಹಾಗೆ ಅರ್ಧ ಗಂಟೆ ಅಲ್ಲಾಡಿಸಿದೆ. ಫಿಲ್ಟರ್ ಹೊಸದು, ಇಂಜಿನ್ ಆಯಿಲ್ ಹೊಸದು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಕಲಾಸಿಪಾಳ್ಯದಲ್ಲಿ ಟೆಸ್ಟ್ ಮಾಡಿಸಿದೆ, ಸ್ಪ್ರೇ ಚೆನ್ನಾಗಿದೆ ಎಂದರು.

ಮೂರನೇ ಭಾನುವಾರ ಇಂಜಿನ್ ಹಿಡಿಯಿತು. ಸದ್ದು ಕೇಳಿ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಏನೂ ಮಾತಾಡಲಿಲ್ಲ.

ತೊಂದರೆ ಇಷ್ಟು. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಯಾರೋ ಮೂಗು ಹಿಡಿದ ಹಾಗೆ ಸದ್ದು ಸಣ್ಣಗಾಗುತ್ತಾ ನಿಂತುಬಿಡುತ್ತದೆ. ಹೊಗೆ ಜಾಸ್ತಿ ಇಲ್ಲ, ನೀರು ಸರಿಯಾಗಿದೆ, ಆಯಿಲ್ ಸರಿಯಾಗಿದೆ. ಟೀ ಕುಡಿದು ಬಂದು ತಿರುಗಿಸಿದರೆ ಮತ್ತೆ ಸ್ಟಾರ್ಟ್! ಮತ್ತೆ ಇಪ್ಪತ್ತು ನಿಮಿಷ. ಒಬ್ಬ ಮೆಕ್ಯಾನಿಕ್ ನೋಡಿ "ಪಂಪು ಹೋಗಿದೆ ಸಾರ್, ಖರ್ಚು ಮಾಡೋ ಬದಲು ಗುಜರಿಗೆ ಹಾಕಿ" ಎಂದರು. ನಾಜಲ್‌ಗೆ ಡೀಸೆಲ್ ಒತ್ತುವ ಆ ಪಂಪನ್ನು ಮನೆಯಲ್ಲೇ ಬಿಚ್ಚಿ ನೋಡಬಹುದಾ? ಪಕ್ಕದ ಮನೆಯ ಅಂಕಲ್ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಸದ್ದು ಮಾಡಲು ಬಿಡುತ್ತಾರೆ. ಹಾಗಾಗಿ ವಾರಕ್ಕೆ ಸಿಗುವುದು ಎರಡೇ ಗಂಟೆ.

ಡೀಸೆಲ್_ಮಾವ:

ಪಂಪು ಮುಟ್ಟಬೇಡಿ.

ದೊಡ್ಡಬಳ್ಳಾಪುರದ ಕಡೆ ಮೂವತ್ತು ವರ್ಷ ಟ್ರ್ಯಾಕ್ಟರ್, ಟಿಲ್ಲರ್ ಬಿಚ್ಚಿದ್ದೇನೆ. ಪಂಪು ಬಿಚ್ಚಿ ಕೆಟ್ಟ ಗಾಡಿಗಳು, ಪಂಪು ಕೆಟ್ಟ ಗಾಡಿಗಳಿಗಿಂತ ಜಾಸ್ತಿ. ಆ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರ್ ಸವೆದಿದ್ದರೆ ಡೀಸೆಲ್ ಬಿಸಿಯಾಗಿ ತೆಳುವಾದಾಗ ಪ್ರೆಶರ್ ಕಟ್ಟುವುದಿಲ್ಲ. ಆದರೆ ಅಂಥ ಗಾಡಿ ಮೊದಲಿಂದಲೇ ಎಳೆಯುವುದಿಲ್ಲ, ಸ್ಟಾರ್ಟಿಂಗಿಗೂ ಸತಾಯಿಸುತ್ತದೆ. ನಿಮ್ಮದು ಗಡಿಯಾರ ಇಟ್ಟ ಹಾಗೆ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತಿದೆ. ಮೂಗು ಹಿಡಿದ ಹಾಗೆ ಅಂತ ನೀವೇ ಬರೆದಿದ್ದೀರಿ. ಅದು ಡೀಸೆಲ್ ಸಾಲದೆ ನಿಲ್ಲುವ ಸದ್ದು.

ಹೀಗೆ ಮಾಡಿ. ಮುಂದಿನ ಸಲ ನಿಂತ ತಕ್ಷಣ ಟೀ ಕುಡಿಯಲು ಹೋಗಬೇಡಿ. ಟೀ ಕುಡಿದು ಬರುವಷ್ಟರಲ್ಲಿ ಸಾಕ್ಷಿ ಅಳಿಸಿಹೋಗುತ್ತದೆ. ಕೂಡಲೇ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ. ಡೀಸೆಲ್ ಧಾರಾಳವಾಗಿ ಬಂದರೆ ಟ್ಯಾಂಕಿನ ಕಡೆ ತಪ್ಪಿಲ್ಲ, ಪಂಪು, ನಾಜಲ್, ವಾಲ್ ಕಡೆ ನೋಡಬೇಕು. ಬರದಿದ್ದರೆ ಟ್ಯಾಂಕು, ಕಾಕ್, ಪೈಪು, ಫಿಲ್ಟರ್ ಇಷ್ಟರಲ್ಲೇ ಎಲ್ಲೋ ಇದೆ. ಸ್ಕ್ರೂ ಹಾಗೇ ಬಿಟ್ಟು ಟ್ಯಾಂಕಿನ ಮುಚ್ಚಳ ತಿರುಗಿಸಿ. ಆಗ ಡೀಸೆಲ್ ಹರಿಯಲು ಶುರುವಾದರೆ ಕಳ್ಳ ಸಿಕ್ಕಿದ ಹಾಗೆ.

ಈ ಗಾಡಿಗಳಲ್ಲಿ ಟ್ಯಾಂಕು ಮೇಲಿರುತ್ತದೆ, ಡೀಸೆಲ್ ತಾನಾಗಿ ಇಳಿಯಬೇಕು. ಇಳಿದಷ್ಟು ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಎಳನೀರಿನ ಸ್ಟ್ರಾ ಮೇಲೆ ಬೆರಳಿಟ್ಟು ಮೇಲೆತ್ತಿದರೆ ನೀರು ಒಳಗೇ ನಿಲ್ಲುತ್ತದಲ್ವಾ? ಅಷ್ಟೇ ಕಥೆ.

ಪೀಣ್ಯ_ಲೇತ್:

ಮಾವ ಹೇಳಿದ ಟೆಸ್ಟ್ ಮೊದಲು ಮಾಡಿ. ಆದರೆ ನನಗೆ ಟ್ಯಾಪೆಟ್ ಮೇಲೂ, ಅಂದರೆ ವಾಲ್ ತಳ್ಳುವ ಕಡೆ ಬಿಡುವ ಸಣ್ಣ ಗ್ಯಾಪ್ ಮೇಲೂ ಅನುಮಾನ ಇದೆ. ವಾಲ್ ಬಿಸಿಗೆ ಉದ್ದವಾಗುತ್ತದೆ. ಗ್ಯಾಪ್ ತೀರಾ ಕಡಿಮೆ ಇದ್ದರೆ ಬಿಸಿಯಾದಾಗ ವಾಲ್ ಪೂರ್ತಿ ಕೂರುವುದಿಲ್ಲ, ಸಿಲಿಂಡರಿನಲ್ಲಿ ಒತ್ತಿದ ಗಾಳಿ, ಅಂದರೆ ಕಂಪ್ರೆಶನ್ ಸೋರುತ್ತದೆ. ತಣ್ಣಗಾದರೆ ಮತ್ತೆ ಸರಿ. ನಿಮ್ಮ ಲಕ್ಷಣಕ್ಕೆ ಇದೂ ಹೊಂದುತ್ತದೆ.

ಗೊತ್ತಾಗುವುದು ಹೇಗೆ ಅಂದರೆ, ನಿಂತ ತಕ್ಷಣ, ಹ್ಯಾಂಡಲ್ ಹಗುರ ಮಾಡುವ ಡಿಕಂಪ್ರೆಶನ್ ಲಿವರ್ ಮುಟ್ಟದೆ ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಗಟ್ಟಿಯಾಗಿ ತಡೆದು, ಸ್ಪ್ರಿಂಗಿನ ಹಾಗೆ ಹಿಂದಕ್ಕೆ ತಳ್ಳಬೇಕು. ಮೆತ್ತಗೆ ಹೋದರೆ ಕಂಪ್ರೆಶನ್ ಇಲ್ಲ. ಅಂದ ಹಾಗೆ ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಸುತ್ತಬೇಡಿ, ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಲಿ. ಹಿಂದೆ ಹೊಡೆದಾಗ ಹ್ಯಾಂಡಲ್ ಜಾರಿ ಹೋಗಬೇಕು, ಬೆರಳು ಹೋಗಬಾರದು. ನಮ್ಮ ಚಿಕ್ಕಪ್ಪನ ಬಲಗೈ ಇವತ್ತಿಗೂ ಪೂರ್ತಿ ಮುಷ್ಟಿ ಕಟ್ಟುವುದಿಲ್ಲ.

ಗುಜರಿ ಮಾತು ತಲೆಗೆ ಹಾಕಿಕೊಳ್ಳಬೇಡಿ. ಟಿಲ್ಲರ್ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. 1967ರಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಇಲ್ಲೇ ಮಹದೇವಪುರದ ವಿಳಾಸದ್ದು. ಕೇರಳದ ಕ್ಯಾಮ್ಕೋ 1973ರದ್ದು. ಎರಡೂ ಈಗಲೂ ಟಿಲ್ಲರ್ ಮಾಡುತ್ತಿವೆ. ಕಂಪನಿ ಪಾರ್ಟೇ ಬೇಕು ಅಂತಲೂ ಇಲ್ಲ. ಬೇರಿಂಗ್ ಹೋದರೆ ಅದರ ಮೇಲಿನ ನಂಬರ್ ಓದಿ. 6205 ಅಂತಿದ್ದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಯಾವ ದೇಶದ ಯಾವ ಗಾಡಿಯಲ್ಲಿದ್ದರೂ ಅಳತೆ ಅದೇ. ಆಯಿಲ್ ಸೀಲ್ ಮೇಲೂ ಮೂರು ಅಳತೆ ಬರೆದಿರುತ್ತದೆ. ಬೆಲ್ಟು ಮಾತ್ರ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೇ ಬೆಲ್ಟು ಹಿಗ್ಗಿರುತ್ತದೆ, ಹೊಸದೊಂದೇ ಭಾರ ಹೊತ್ತು ಬೇಗ ಸಾಯುತ್ತದೆ.

ಡೀಸೆಲ್_ಮಾವ:

ಟ್ಯಾಪೆಟ್ ಆಗಿದ್ದರೆ ಬಿಸಿಯಲ್ಲಿ ಸ್ಟಾರ್ಟಿಂಗ್ ಹೊತ್ತಿಗೆ ಬಿಳಿ ಹೊಗೆ ಉಗುಳಬೇಕಿತ್ತು ಗುರು. ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಇವರು ಹೊಗೆ ಇಲ್ಲ ಅಂತಿದ್ದಾರೆ. ಇರಲಿ, ಭಾನುವಾರ ಗೊತ್ತಾಗುತ್ತದೆ.

ಶುಭಾ_ಕಗ್ಗಲೀಪುರ:

ನನ್ನದು ಡೀಸೆಲ್ ಅಲ್ಲ, ಕಳೆ ತೆಗೆಯುವ ಪೆಟ್ರೋಲ್ ವೀಡರ್. ಆದರೂ ನಿಲ್ಲಿಸಿಟ್ಟ ಗಾಡಿ ಅಂದ ಕೂಡಲೇ ಬರೆಯಬೇಕು ಅನಿಸಿತು. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟಿದ್ದೆ. ದೀಪಾವಳಿ ಹೊತ್ತಿಗೆ ತೆಗೆದರೆ ಕಾರ್ಬುರೇಟರ್ ತಳದಲ್ಲಿ ನೀರು, ಹಳೇ ರಬ್ಬರ್ ಪೈಪು ಚೂಯಿಂಗ್ ಗಮ್ಮಿನ ಹಾಗೆ ಅಂಟಂಟು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆ ಆದದ್ದೇ ನಮ್ಮ ಬೆಂಗಳೂರಿನಲ್ಲಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರಿಗೂ ಆಗಿಬರುವುದಿಲ್ಲ. ಈಗ ಕೆಲಸ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೂ ಓಡಿಸಿಯೇ ಇಡುತ್ತೇನೆ.

ಡೀಸೆಲ್ ಟ್ಯಾಂಕಿಗೆ ಇದರ ಉಲ್ಟಾ ಅಲ್ವಾ ಮಾವ? ತುಂಬಿಸಿಟ್ಟರೆ ಒಳಗೆ ಬೆವರುವುದಿಲ್ಲ ಎಂದು ನಮ್ಮ ತಂದೆ ಹೇಳುತ್ತಿದ್ದರು.

ಡೀಸೆಲ್_ಮಾವ:

ನಿಮ್ಮ ತಂದೆ ಸರಿಯಾಗಿಯೇ ಹೇಳಿದ್ದಾರೆ ತಾಯಿ. ಖಾಲಿ ಜಾಗದ ಗಾಳಿ ರಾತ್ರಿ ತಣ್ಣಗಾಗಿ ಒಳಗೋಡೆಗೆ ನೀರು ಕೂರುತ್ತದೆ. ಇವರ ಟ್ಯಾಂಕು ತುಕ್ಕು ಹಿಡಿದದ್ದೂ ಹಾಗೇ ಇರಬೇಕು. ಹುಣಸೆಹಣ್ಣಿನ ಬಗ್ಗೆ ಒಂದು ಮಾತು. ಹುಳಿ ಹಾಕಿದ ಮೇಲೆ ಚೆನ್ನಾಗಿ ತೊಳೆದು, ಒಣಗಿಸಿ, ಕೂಡಲೇ ಡೀಸೆಲ್ ಸವರಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಹೊಸ ತುಕ್ಕು ರೆಡಿ.

ರಾಜಾನುಕುಂಟೆ_ತೋಟ:

ಭಾನುವಾರದ ವರದಿ.

ಹತ್ತು ಗಂಟೆ ಮೂರು ನಿಮಿಷಕ್ಕೆ ಸ್ಟಾರ್ಟ್. ಹತ್ತು ಇಪ್ಪತ್ತೆರಡಕ್ಕೆ ಮೂಗು ಹಿಡಿಯಿತು. ಹ್ಯಾಂಡಲ್ ಗಟ್ಟಿಯಾಗಿ ತಳ್ಳುತ್ತಿತ್ತು, ಅಂದರೆ ಪೀಣ್ಯದವರು ಹೇಳಿದ ಕಂಪ್ರೆಶನ್ ಸರಿ ಇದೆ. ಏರ್ ಸ್ಕ್ರೂ ಸಡಿಲಿಸಿದೆ. ಒಂದೆರಡು ಹನಿ ಬಂದು ನಿಂತಿತು. ಮುಚ್ಚಳ ತಿರುಗಿಸಿದೆ. "ಸುಯ್" ಅಂತ ಗಾಳಿ ಒಳಗೆ ಎಳೆದುಕೊಂಡಿತು, ಸ್ಕ್ರೂ ಕಡೆಯಿಂದ ಡೀಸೆಲ್ ನನ್ನ ಪ್ಯಾಂಟಿನ ಮೇಲೆ!

ಮುಚ್ಚಳ ತಿರುಗಿಸಿ ನೋಡಿದರೆ ತೂತಿನ ತುಂಬ ಗಟ್ಟಿ ಮಣ್ಣು. ಕುಂಬಾರ ಹುಳುವಿನ ಕೆಲಸ. ಶೆಡ್ಡಿನ ಗೋಡೆಯಲ್ಲೆಲ್ಲ ಅದರ ಗೂಡು ಇತ್ತು, ಮುಚ್ಚಳವನ್ನೂ ಬಿಟ್ಟಿಲ್ಲ. ಟ್ಯಾಂಕು ತೊಳೆದೆ, ಫಿಲ್ಟರ್ ಬದಲಿಸಿದೆ, ಮುಚ್ಚಳವನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ ಹಾಗೇ ಹಾಕಿದ್ದೆ. ತಂತಿಯಲ್ಲಿ ಚುಚ್ಚಿ, ಡೀಸೆಲ್‌ನಲ್ಲಿ ನೆನೆಸಿ, ಬಾಯಲ್ಲಿ ಊದಿದೆ. ಡೀಸೆಲ್ ರುಚಿ ಮಧ್ಯಾಹ್ನದ ಊಟದವರೆಗೂ ಹೋಗಲಿಲ್ಲ. ಆಮೇಲೆ ಹನ್ನೆರಡರವರೆಗೂ ಒಂದೇ ಸಮನೆ ಓಡಿತು. ಪಕ್ಕದ ಅಂಕಲ್ ಕಾಂಪೌಂಡ್ ಮೇಲೆ ವಾಚ್ ತೋರಿಸಿದ ಮೇಲೆಯೇ ನಿಲ್ಲಿಸಿದ್ದು.

ಈಗ ಒಂದು ತಪ್ಪೊಪ್ಪಿಗೆ. ಮಾವ, ಬಯ್ಯಬೇಡಿ. ಇಲ್ಲಿ ಕೇಳುವ ಹಿಂದಿನ ವಾರವೇ ಪಂಪು ಬಿಚ್ಚಿಬಿಟ್ಟಿದ್ದೆ. ಒಳಭಾಗ ಮುಟ್ಟಿಲ್ಲ, ಬ್ಲಾಕಿನಿಂದ ಎತ್ತಿ ನೋಡಿ ಮತ್ತೆ ಕೂರಿಸಿದೆ ಅಷ್ಟೇ. ಅಡಿಯಲ್ಲಿ ತೆಳು ತಗಡಿನ ಶಿಮ್‌ಗಳಿದ್ದವು. ಎಷ್ಟು ಅಂತ ಎಣಿಸಲಿಲ್ಲ. ಒಂದು ಬಿದ್ದ ಹಾಗೆ ಸದ್ದು ಕೇಳಿಸಿತು, ಹುಡುಕಿದೆ, ಸಿಗಲಿಲ್ಲ. ಆಗಿನಿಂದ ಇಂಜಿನ್ ಸ್ವಲ್ಪ ಜಾಸ್ತಿ ಟಕ ಟಕ ಅನ್ನುತ್ತಿದೆ. ಹ್ಯಾಂಡಲ್ ಕೂಡ ಎರಡು ಸಲ ಹಿಂದೆ ಹೊಡೆಯಿತು. ಹೆಬ್ಬೆರಳಿನ ಮಾತು ಓದಿದ್ದಕ್ಕೆ ಬಚಾವಾದೆ.

ಡೀಸೆಲ್_ಮಾವ:

ಬಯ್ಯದೆ ಇರುವುದು ಹೇಗೆ?

ಆ ಶಿಮ್ ಸುಮ್ನೆ ಇಟ್ಟದ್ದಲ್ಲ. ಡೀಸೆಲ್ ಯಾವ ಗಳಿಗೆಯಲ್ಲಿ ಚಿಮ್ಮಬೇಕು ಅನ್ನುವುದನ್ನು ಅದೇ ತೀರ್ಮಾನ ಮಾಡುತ್ತದೆ. ಒಂದು ಹೋದರೆ ಪಂಪು ಅದನ್ನು ಒತ್ತುವ ಕ್ಯಾಮ್‌ಗೆ ಹತ್ತಿರವಾಗುತ್ತದೆ, ಡೀಸೆಲ್ ಬೇಗ ಚಿಮ್ಮುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಎದುರು ಹೊಡೆಯುತ್ತದೆ. ಟಕ ಟಕ ಅದರದ್ದೇ, ಹ್ಯಾಂಡಲ್ ಒದ್ದದ್ದೂ ಅದಕ್ಕೇ. ಸರಿ ಮಾಡುವವರೆಗೂ ಸ್ಟಾರ್ಟ್ ಮಾಡಬೇಡಿ. ಅಂಕಲ್‌ಗೂ ಒಂದು ಭಾನುವಾರ ನಿದ್ದೆ ಸಿಗಲಿ.

ಪೀಣ್ಯ_ಲೇತ್:

ಶಿಮ್ ಸಿಗದಿದ್ದರೆ ಉಳಿದದ್ದರಲ್ಲಿ ಒಂದನ್ನು ತನ್ನಿ, ಮೈಕ್ರೋಮೀಟರ್ ಹಿಡಿದು ಅದೇ ದಪ್ಪದ ಶೀಟಿನಲ್ಲಿ ಕತ್ತರಿಸಿಕೊಡುತ್ತೇನೆ. ಟಿನ್ ಡಬ್ಬಿ ಕತ್ತರಿಸಿ ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ. ಟಿಲ್ಲರ್ ತರುವುದು ಬೇಡ, ಶಿಮ್ ತಂದರೆ ಸಾಕು.

ರಾಜಾನುಕುಂಟೆ_ತೋಟ:

ಶಿಮ್ ಸಿಕ್ಕಿತು!

ಅಪ್ಪ ಇದ್ದಾಗಿನಿಂದ ಅಮ್ಮನಿಗೆ ಒಂದು ಅಭ್ಯಾಸ. ಗುಡಿಸುವಾಗ ಕಬ್ಬಿಣದ ಚೂರು, ನಟ್ಟು, ವಾಷರ್ ಏನೇ ಸಿಕ್ಕರೂ ಎಸೆಯುವುದಿಲ್ಲ. ಒಂದು ಸಲ ಯಾವುದೋ ವಾಷರ್ ಎಸೆದದ್ದಕ್ಕೆ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರಂತೆ. ನಾನು ನಿನ್ನೆ ರಾತ್ರಿ ಪೋರ್ಟಿಕೋದಲ್ಲಿ ಟಾರ್ಚ್ ಹಿಡಿದು ಹುಡುಕುವುದನ್ನು ನೋಡಿ, ಅಡುಗೆಮನೆಯ ಅಟ್ಟದಿಂದ ಹಳೇ ಬಿಸ್ಕತ್ತಿನ ಡಬ್ಬಿ ಇಳಿಸಿಕೊಟ್ಟರು. ಮೇಲೆಯೇ ಇತ್ತು, ನನ್ನ ಶಿಮ್.

ಕೆಳಗೆ ಕೈಯಾಡಿಸಿದರೆ ಅದೇ ಆಕಾರದ್ದು ಇನ್ನೊಂದು. ಮಾಸಿದೆ, ಮೇಲೆ ಒಣಗಿದ ಗ್ರೀಸ್ ಇದೆ. ಅಪ್ಪ ಯಾವಾಗಲೋ ತೆಗೆದಿಟ್ಟದ್ದಿರಬೇಕು. ಅವರು ತೆಗೆದದ್ದು ಸರಿಯಾಗಿತ್ತಾ, ಅಥವಾ ಅವರೂ ನನ್ನ ಹಾಗೇ ಕಳೆದುಕೊಂಡಿದ್ದರಾ? ಒಂದು ಹಾಕಲೋ ಎರಡು ಹಾಕಲೋ, ಹೇಳಿ ಮಾವ.

ಡೀಸೆಲ್_ಮಾವ:

ಡಬ್ಬಿ ಕೇಳಬೇಡಿ, ಫ್ಲೈವೀಲ್ ಕೇಳಿ. ಮೊದಲು ನಿಮ್ಮದೊಂದನ್ನೇ ಹಾಕಿ ಪಂಪು ಕೂರಿಸಿ. ಏರ್ ತೆಗೆದು, ಪಂಪಿನ ಮೇಲಿನ ಪ್ರೆಶರ್ ಪೈಪು ಬಿಚ್ಚಿ. ಆಕ್ಸಿಲರೇಟರ್ ಲಿವರ್ ಓಡಿಸುವ ಕಡೆ ಇರಲಿ. ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ಕೈಯಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತಾ ಬನ್ನಿ. ಪಂಪಿನ ಬಾಯಲ್ಲಿ ಡೀಸೆಲ್ ಉಬ್ಬುವ ಗಳಿಗೆಗೆ ನಿಲ್ಲಿಸಿ. ಫ್ಲೈವೀಲ್ ಮೇಲಿನ ಇಂಜೆಕ್ಷನ್ ಗೆರೆ ಇಂಜಿನ್ ಮೇಲಿನ ಗುರುತಿಗೆ ನೇರ ಬಂದಿದ್ದರೆ ಒಂದೇ ಸಾಕು. ಗೆರೆ ಇನ್ನೂ ಗುರುತಿಗೆ ಬರುವ ಮುಂಚೆಯೇ ಡೀಸೆಲ್ ಉಬ್ಬಿದರೆ ನಿಮ್ಮಪ್ಪನದನ್ನೂ ಹಾಕಿ.

ಇದಕ್ಕೆ ಸದ್ದು ಬರುವುದಿಲ್ಲ. ಭಾನುವಾರದವರೆಗೆ ಕಾಯಬೇಕಾಗಿಲ್ಲ.

ರಾಜಾನುಕುಂಟೆ_ತೋಟ:

ಬುಧವಾರ ರಾತ್ರಿ ಒಂಬತ್ತೂವರೆ. ಅಮ್ಮ ಟಾರ್ಚ್ ಹಿಡಿದಿದ್ದರು. ಎರಡೂ ಹಾಕಿದೆ. ಗೆರೆಗೆ ಗೆರೆ.